ಕಡೆಯ ಊರಿಗೆ ಹೋಗಬೇಕಾಗಿದ್ದ ನೀರು

ಶಹಾಪುರದ ಕಾಲೇಜೊಂದರಲ್ಲಿ ನಾನು ಅತಿಥಿ ಉಪನ್ಯಾಸಕಿ. ಕಳೆದ ಚಳಿಗಾಲ ಮುಗಿಯುತ್ತ ಬಂದಾಗ ಪದವಿ ತರಗತಿಗೆ ಯುದ್ಧದ ಹಳೆಯ ಕತೆಯೊಂದನ್ನು ಪಾಠ ಮಾಡುತ್ತಿದ್ದೆ. ಸೋತು ಹಿಂದಿರುಗುತ್ತಿದ್ದ ಸೈನ್ಯ, ಬಂಡೆಯ ಬುಡದ ಒರತೆಯನ್ನು ಕಾಯಲು ಒಬ್ಬ ಸಿಪಾಯಿಯನ್ನು ಬಿಟ್ಟು ಹೋಗುತ್ತದೆ. ಶತ್ರುಪಡೆಯವನೊಬ್ಬ ಬಾಯಾರಿ ತೆವಳುತ್ತ ಅಲ್ಲಿಗೆ ಬರುತ್ತಾನೆ. ಕಾವಲಿನವನು ಗುಂಡು ಹಾರಿಸುವುದಿಲ್ಲ, ನೀರನ್ನೂ ಕೊಡುವುದಿಲ್ಲ. ಕುಳಿತು ನೋಡುತ್ತಾನೆ. ಉಳಿದ ಕೆಲಸವನ್ನು ಬಿಸಿಲು ಮುಗಿಸುತ್ತದೆ.

‘ಈ ಕತೆಯಲ್ಲಿ ಪ್ರಕೃತಿಯ ಕ್ರೌರ್ಯವನ್ನು ವಿವರಿಸಿ’ ಎಂದು ಹಲಗೆಯ ಮೇಲೆ ಬರೆದೆ. ವಿಶ್ವವಿದ್ಯಾಲಯದಲ್ಲಿ ನನಗೂ ಹೀಗೆಯೇ ಕಲಿಸಿದ್ದರು: ಮನುಷ್ಯ ಮತ್ತು ಪ್ರಕೃತಿ, ಮನುಷ್ಯ ಮತ್ತು ಯುದ್ಧ, ಮನುಷ್ಯ ಮತ್ತು ವಿಧಿ. ಇಂಥ ಶೀರ್ಷಿಕೆಗಳಲ್ಲಿ ಒಂದು ಅನುಕೂಲವಿದೆ. ಅಲ್ಲಿ ಯಾರೂ ಉತ್ತರ ಕೊಡಬೇಕಾಗಿಲ್ಲ.

ಮೂರನೆಯ ಬೆಂಚಿನ ಹುಡುಗಿ ಎದ್ದು ನಿಂತಳು. ಕಾಲುವೆ ಮುಗಿಯುವ ಕಡೆಯ ಊರಿನವಳು. ತಾಯಿಯೊಬ್ಬಳೇ ಹೊಲ ನೋಡಿಕೊಳ್ಳುತ್ತಾಳೆ, ಮೆಣಸಿನಕಾಯಿ ಹಾಕಿದ್ದಾಳೆ.

“ಮೇಡಮ್ಮರ, ಬಿಸಲಿಗೆ ಯಾಕ ಬೈತೀರಿ? ಬಿಸಲೇನು ಒರತಿ ಮ್ಯಾಲ ಕುಂತಿತ್ತೇನ್ರಿ?”

“ಇಕಿದು ಕಾಲುವಿ ಪುರಾಣ ಮತ್ತ ಚಾಲೂ ಆತು ನೋಡ್ರಿ,” ಎಂದು ಹಿಂದಿನಿಂದ ಒಬ್ಬ ನಗಾಡಿದ.

“ನಿಮ್ಮ ಹೊಲದಾಗ ನೀರು ಹರಿದಾಡ್ತೈತಿ, ನಿನಗ ಪುರಾಣನ ಅನಸ್ತೈತಿ. ಸುಮ್ನ ಕುಂದ್ರಲೇ!” ಅವಳು ನನ್ನ ಕಡೆ ತಿರುಗಿದಳು. “ನಮ್ಮವ್ವನ ಮೆಣಸಿನಗಿಡ ಹೂವಿಗೆ ಬಂದಾವ್ರಿ. ಕಾಲುವಿ ಗೇಟು ಬಂದ್ ಮಾಡೂದ್ರಾಗ ಒಂದು ಸಲ ನೀರು ಹಾದ್ರ ಸಾಕು, ಬದುಕ್ತಾವ. ಮ್ಯಾಲಿನ ಮಂದಿ ಪೈಪ್ ಹಾಕಿ ಕುಂತಾರ. ಅವರ ಗದ್ದ್ಯಾಗ ಕಪ್ಪಿ ವಟಗುಟ್ತಾವ, ನಮ್ಮ ಕಾಲುವ್ಯಾಗ ಆಡು ಮೇಯ್ತಾವ.”

ತರಗತಿ ನಕ್ಕಿತು. ನಾನು ನಗಲಿಲ್ಲ. “ಸರಿ, ಮುಂದಿನ ಪ್ಯಾರಾ ನೋಡೋಣ,” ಎಂದೆ.

ಅವಳು ಹೇಳಿದ ಮೇಲಿನ ಮಂದಿ ನಾವೇ. ಹುಣಸಗಿಯ ಹತ್ತಿರ, ಕಾಲುವೆಗೆ ಮೈ ತಾಗಿಸಿಕೊಂಡೇ ನಮ್ಮ ಹೊಲವಿದೆ. ಕಾಲುವೆಯ ಏರಿಯನ್ನು ದಾಟಿ ಒಂದು ದಪ್ಪ ಪೈಪು ಇಳಿದಿದೆ. ಅದರ ಮೇಲೆ ಜಾಲಿಮುಳ್ಳಿನ ಹೊರೆ. ಪೈಪಿನ ತುಂಬ ನೀರು ತುಂಬಿಸಿ, ಒಂದು ಬಾಯಿಯನ್ನು ಕಾಲುವೆಯಲ್ಲಿ ಮುಳುಗಿಸಿ, ಇನ್ನೊಂದನ್ನು ಗದ್ದೆಯ ಕಡೆ ಬಿಟ್ಟರೆ ಸಾಕು. ಎಂಜಿನ್ನು ಬೇಡ, ಸದ್ದಿಲ್ಲ, ನೀರು ತಾನಾಗಿ ಏರಿ ಹತ್ತಿ ಇಳಿಯುತ್ತದೆ. ಕಾಲುವೆ ನೋಡಿಕೊಳ್ಳುವ ಅಧಿಕಾರಿಗಳ ಜೀಪು ಬರುವ ಸುದ್ದಿ ನಮ್ಮೂರಿಗೆ ಜೀಪಿಗಿಂತ ಮೊದಲೇ ತಲುಪುತ್ತದೆ. ಆಗ ಎಲ್ಲರೂ ಪೈಪಿನ ಬಾಯಿಯನ್ನು ಮೇಲಕ್ಕೆತ್ತಿ ಮುಳ್ಳಿನೊಳಗೆ ಒರಗಿಸುತ್ತಾರೆ. ಧೂಳು ಅಡಗಿದ ಮೇಲೆ ಮತ್ತೆ ಮುಳುಗಿಸುತ್ತಾರೆ. ಜೀಪಿನಲ್ಲಿದ್ದವರಿಗೂ ಇದು ಗೊತ್ತು. ಗೊತ್ತಿರುವವರು ಗೊತ್ತಿಲ್ಲದವರಂತೆ ಸಂಬಳ ಪಡೆಯುವುದಕ್ಕೆ ಈ ನಾಡಿನಲ್ಲಿ ಆಡಳಿತ ಎನ್ನುತ್ತಾರೆ. ನಾನೂ ಗೊತ್ತಿದ್ದು ‘ಮುಂದಿನ ಪ್ಯಾರಾ’ ಎಂದವಳೇ. ಆ ಗದ್ದೆಯ ಅನ್ನ ಉಂಡೇ ಹೋರಾಟದ ಸಾಹಿತ್ಯದ ಮೇಲೆ ಪ್ರಬಂಧ ಬರೆದಿದ್ದೇನೆ.

ಆ ಶನಿವಾರ ಸುರಪುರದಲ್ಲಿ ಬಸ್ಸು ಬದಲಿಸಿ ಊರಿಗೆ ಹೋದೆ. ಅಪ್ಪನಿಗೆ ನೇರವಾಗಿ ಹೇಳುವ ಧೈರ್ಯ ಸಾಲಲಿಲ್ಲ. ಚಹಾ ಕುಡಿಯುತ್ತಿದ್ದವನಿಗೆ ಕತೆ ಹೇಳಿದೆ. ಕತೆ ಕೇಳುವುದೆಂದರೆ ಅವನಿಗೆ ಪ್ರಾಣ. ಶತ್ರು ಸಿಪಾಯಿ ಕೈಚಾಚಿ ಮಲಗಿದಲ್ಲಿಗೆ ಬರುವಾಗ ಅವನ ಬಸಿಯಲ್ಲಿ ಚಹಾ ಆರುತ್ತಿತ್ತು.

“ಎಂಥಾ ಕಟುಕ ಇದ್ದಾನಬೇ ಅವ!” ಎಂದ. “ಬೊಗಸಿ ನೀರು ಕೊಟ್ಟಿದ್ರ ಅವನಪ್ಪನ ಗಂಟೇನು ಹೋಗ್ತಿತ್ತು?”

“ಯಪ್ಪಾ, ಅದು ಅವನ ಒರತಿ ಅಲ್ಲ. ಕಾಯಾಕ ಕುಂತಿದ್ದ ಅಷ್ಟ.”

“ಅದಕ್ಕ ಹೇಳಾಕತ್ತೇನಿ. ಹಡದವ್ರು ಹಂಗ ಕಲಿಸಿರಬೇಕು.”

ಅವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಆ ಕರುಣೆ ಸುಳ್ಳಲ್ಲ. ಅದೇ ಹೊತ್ತಿಗೆ ಏರಿಯ ಮೇಲಿಂದ ನಮ್ಮ ಪೈಪು ಗದ್ದೆಗೆ ಸುರಿಯುತ್ತಿತ್ತು. ಕತೆಯ ಸಿಪಾಯಿಗೆ ಮರುಗುವ ಮನುಷ್ಯ ಕೆಳಗಿನ ಊರನ್ನು ಕಾಣಲಾರ ಎಂದರೆ, ಕತೆ ಕಲಿಸಿಕೊಂಡು ಬದುಕುವ ನಾನು ಏನು ಮಾಡುತ್ತಿದ್ದೇನೆ? ಇದನ್ನು ಅವನಿಗೆ ಕೇಳಬೇಕಿತ್ತು. ಕೇಳಲಿಲ್ಲ. “ಇನ್ನಷ್ಟು ಚಾ ಹಾಕ್ಲಾ?” ಎಂದೆ.

ಆಮೇಲೆ ಮಾಡಿದ್ದು ಇನ್ನೂ ಹೇಡಿತನದ ಕೆಲಸ. ಮರುವಾರ ಆ ಹುಡುಗಿಯನ್ನೂ ಇನ್ನು ಕೆಲವು ವಿದ್ಯಾರ್ಥಿಗಳನ್ನೂ ‘ಕಾಲುವೆ ನೋಡೋಣ ಬನ್ನಿ’ ಎಂದು ಊರಿಗೆ ಕರೆದುಕೊಂಡು ಹೊರಟೆ. ಅದು ಯಾರ ಹೊಲವೆಂದು ಅವಳಿಗೆ ಹೇಳಲಿಲ್ಲ. ಅವಳು ಯಾವ ಊರಿನವಳೆಂದು ಅಪ್ಪನಿಗೂ ಹೇಳಲಿಲ್ಲ. ನೋಡಿದರೆ ಇಬ್ಬರಿಗೂ ತಿಳಿಯುತ್ತದೆ, ನಾನು ಬಾಯಿ ಬಿಡಬೇಕಾಗಿಲ್ಲ ಎಂದುಕೊಂಡಿದ್ದೆ.

ದಾರಿಯುದ್ದಕ್ಕೂ ಅವಳು ಬಸ್ಸಿನ ಕಿಟಕಿಗೆ ಹಣೆಯೂರಿ ಹಸಿರನ್ನು ನೋಡುತ್ತಿದ್ದಳು. ಏರಿಯ ಮೇಲೆ ಇಳಿದಾಗ ದಂಡೆ ತುಂಬಿ ಹರಿಯುವ ನೀರಿನ ಅಂಚಿಗೆ ಹೋಗಿ ಬಗ್ಗಿ ನೋಡಿದಳು. “ಇಷ್ಟು ನೀರು ಇರ್ತೈತೇನ್ರಿ ಇದರಾಗ!” ಎಂದಳು. ಅದು ಅವಳದೇ ಊರಿಗೆ ಹೋಗುವ ಕಾಲುವೆ.

ಅಪ್ಪ ಎದುರುಬಂದ. ನಮ್ಮ ಕಡೆ, ಬಂದವರ ಕೈಗೆ ತಂಬಿಗೆ ನೀರು ಕೊಡದೆ ಯಾರೂ ಮಾತು ತೆಗೆಯುವುದಿಲ್ಲ. ಆ ನೀರನ್ನು ಒಲ್ಲೆ ಎಂದರೆ ಆ ಮನೆಯನ್ನೇ ಒಲ್ಲೆ ಎಂದಂತೆ. ಅವನು ತೊಳೆದು ಹೊಳೆಯಿಸಿದ ತಂಬಿಗೆಯನ್ನು ಮೊದಲು ಅವಳಿಗೇ ಚಾಚಿದ.

“ಬಿಸಲಾಗ ಬಂದೀರಿ. ಕುಡೀವಾ. ಯಾವೂರಾತು ನಿಮ್ದು?”

ಅವಳು ಊರಿನ ಹೆಸರು ಹೇಳಿದಳು. ಅಷ್ಟರಲ್ಲಿ ಅವಳ ಕಣ್ಣು ಮುಳ್ಳಿನ ಹೊರೆಯ ಮೇಲೆ ಬಿದ್ದಿತ್ತು. ಅಲ್ಲಿಂದ ಪೈಪಿಗೆ, ಪೈಪಿನಿಂದ ಗದ್ದೆಗೆ, ಗದ್ದೆಯಿಂದ ಅಪ್ಪನ ಮುಖಕ್ಕೆ, ಅಲ್ಲಿಂದ ಅದನ್ನೇ ಹೋಲುವ ನನ್ನ ಮುಖಕ್ಕೆ ಬಂತು. ಕೈ ಹಿಂದಕ್ಕೆ ಕಟ್ಟಿಕೊಂಡಳು.

“ಬ್ಯಾಡ್ರಿ ಕಾಕಾ. ಕಾಲುವ್ಯಾಗ ಬಿಡ್ರಿ ಅದನ್ನ. ನಮ್ಮೂರಿಗೆ ತಾನಾ ಬರ್ತೈತಿ, ಅಲ್ಲೇ ಕುಡೀತೇನಿ.”

ಅಪ್ಪನ ಚಾಚಿದ ಕೈ ಹಾಗೆಯೇ ಇತ್ತು. ಅವನು ತಂಬಿಗೆಯನ್ನು ಬದುವಿನ ಮೇಲಿಟ್ಟು, ಏರಿ ಹತ್ತಿ ಪೈಪಿನ ಬಾಯಿಯನ್ನು ನೀರಿನಿಂದ ಎತ್ತಿದ. ಪೈಪು ಗೊರಗೊರ ಉಸಿರೆಳೆದು ಸತ್ತಿತು. ನನಗೆ ಅಳು ಬಂತು. ಕತೆ ಗೆದ್ದಿತೆಂಬ ಹೆಮ್ಮೆಯೂ ಬಂತು, ಅದನ್ನು ಮುಚ್ಚಿಡಲಾರೆ.

ಮರಳುವಾಗ ಅವಳು ನನ್ನ ಪಕ್ಕ ಕೂರಲಿಲ್ಲ. ಶಹಾಪುರದಲ್ಲಿ ಇಳಿದ ಮೇಲೆ ಬಂದು ಎದುರು ನಿಂತಳು.

“ನಿಮ್ಮಪ್ಪಗ ನೀವು ಹೇಳೂ ಮಾತು ನನ್ನ ಕಡಿಂದ ಹೇಳ್ಸಿದ್ರಿ. ಹೌದಲ್ಲರಿ?”

“ಹೌದು,” ಎಂದೆ.

“ಮುದುಕ್ರ ಕೈಯಾಗಿನ ನೀರು ಒಲ್ಲೆ ಅಂದೆ. ನಮ್ಮವ್ವಗ ಗೊತ್ತಾದ್ರ ಬಡೀತಾಳ.” ಇಷ್ಟು ಹೇಳಿ ಊರಿನ ಆಟೋ ಹತ್ತಿದಳು.

ಮುಂದಿನ ರವಿವಾರ ಊರಿಗೆ ಹೋದಾಗ ಗದ್ದೆಯಲ್ಲಿ ನೀರು ಮಿನುಗುತ್ತಿತ್ತು. ಪೈಪಿನ ಬಾಯಿ ಕಾಲುವೆಯೊಳಗಿತ್ತು, ಮುಳ್ಳು ಮೇಲಿತ್ತು.

“ಯಪ್ಪಾ, ತಗದಿದ್ದಿಯಲ್ಲ?”

ಅವನಿಗೆ ನಿಜವಾಗಿಯೂ ಅಚ್ಚರಿಯಾಯಿತು. “ಮಂದಿ ಬಂದಿದ್ರು, ಅದಕ್ಕ ತಗದೆ. ಹೋದ ಮ್ಯಾಲ ಹಾಕಿದೆ. ಜೀಪು ಬಂದ್ರೂ ಹಂಗ ಮಾಡ್ತೀವಲ್ಲ?”

ಹಲವು ವರ್ಷಗಳ ಅಭ್ಯಾಸ ಅವನಿಗೆ ನಾಚಿಕೆಯನ್ನೂ ಹಾಗೆ ಕಲಿಸಿಬಿಟ್ಟಿತ್ತು: ಮಂದಿ ಎದುರಿಗಿರುವಷ್ಟು ಹೊತ್ತು ಮಾತ್ರ. ನಾನು ಅವನೆದುರೇ ಏರಿ ಹತ್ತಿ ಪೈಪು ಎತ್ತಿದೆ. “ಕೆಳಗಿನ ಊರಾಗ ಮೆಣಸಿನಗಿಡ ಸಾಯಾಕತ್ತಾವ,” ಎಂದೆ. “ನೀನು ಎತ್ತಿದ್ರ ಬಾಜೂದವ ಎಳ್ಕೋತಾನ,” ಎಂದ. ಅದೂ ನಿಜ. ಆ ಪಕ್ಕದ ಹೊಲದವನ ಬಾಗಿಲಿಗೆ ಹೋದೆ. ಅವನು ನಕ್ಕು, “ಕಾಲೇಜಿನ್ಯಾಗ ಇದ ಕಲಿಸ್ತಾರೇನವಾ?” ಎಂದು ಚಹಾ ಕೊಟ್ಟ. ನಾನು ಕುಡಿಯಲಿಲ್ಲ. ಹಿಂದಿರುಗಿ ನೋಡಿದಾಗ ನಮ್ಮ ಪೈಪು ಮತ್ತೆ ಸುರಿಯುತ್ತಿತ್ತು.

ಆ ವಾರವೇ ಕಾಲುವೆಯ ಗೇಟು ಮುಚ್ಚಿದರು. ಮುಂದಿನ ಸೋಮವಾರ ಅವಳು ತರಗತಿಗೆ ಬಂದಳು. ಗಿಡದಲ್ಲೇ ಬಾಡಿದ ಹೂಗಳನ್ನು ಕಾಗದದಲ್ಲಿ ಸುತ್ತಿ ತಂದು ಮೇಜಿನ ಮೇಲಿಟ್ಟಳು.

“ನೀರು ಬರ್ಲಿಲ್ಲರಿ. ನಿಮ್ಮ ಪೈಪ್ ಐತೇನ್ರಿ ಇನ್ನಾ?”

ಇಡೀ ತರಗತಿ ಕೇಳಿಸಿಕೊಳ್ಳುತ್ತಿತ್ತು.

“ಐತಿ,” ಎಂದೆ. “ಅದು ನಮ್ಮ ಹೊಲ. ಆ ಭತ್ತದ ಅನ್ನ ನಾನು ಉಂಡೇನಿ.”

ಹಿಂದಿನಿಂದ ಯಾರೂ ನಗಲಿಲ್ಲ. ಅವಳು ಹಲಗೆಯ ಕಡೆ ನೋಡಿದಳು. ಪರೀಕ್ಷೆ ಹತ್ತಿರ ಬಂದಿದ್ದರಿಂದ ಬೆಳಿಗ್ಗೆಯಷ್ಟೇ ಪ್ರಕೃತಿಯ ಕ್ರೌರ್ಯದ ಅದೇ ಪ್ರಶ್ನೆಯನ್ನು ಮತ್ತೆ ಬರೆದಿದ್ದೆ. “ಹಂಗಾರ ಅಲ್ಲಿ ‘ಪ್ರಕೃತಿ’ ಅನ್ನೂದು ಅಳಸ್ರಿ.”

ಅಳಿಸಿದೆ. ಖಾಲಿಯಾದ ಜಾಗ ಬಿಳಿಯಾಗಿ ಉಳಿಯಿತು. “ಅಲ್ಲಿ ಏನು ಬರೀಲಿ?” ಎಂದು ಕೇಳಿದೆ.

“ನನ್ನ ಯಾಕ ಕೇಳ್ತೀರಿ?” ಎಂದು ಅವಳು ಹೋಗಿ ಕುಳಿತಳು.

ಸುಣ್ಣದ ಕಡ್ಡಿ ಹಿಡಿದು ಆ ಜಾಗದಲ್ಲಿ ನಮ್ಮೂರಿನ ಹೆಸರು ಬರೆದೆ.