ಎಲ್ಲರೂ ಹೊಗಳಿದ ಹುಡುಗ

ಬುಕ್ಕಾಂಬುಧಿಯ ಒಂದು ಹೋಟೆಲಿನಲ್ಲಿ ಕೂತು ಒಬ್ಬ ಹುಡುಗನ ಕೆಟ್ಟ ಗುಣಗಳಿಗಾಗಿ ಕಾದೆವು. ಒಂದೂ ಸಿಗಲಿಲ್ಲ.

ಕಾದವರು ನಾನು ಮತ್ತು ಕಡೂರಿನ ನಮ್ಮ ಭಾವ. ಅವರ ಮಗಳು ಶ್ರುತಿಗೆ ಈ ಊರಿನ ಹುಡುಗನನ್ನು ನೋಡಿದ್ದರು. ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಅವಳಿಗೆ ಒಪ್ಪಿಗೆಯೂ ಆಗಿತ್ತು. ಆದರೂ ಹುಡುಗನ ಊರಿಗೆ ಹೋಗಿ, ಗುರುತು ಹೇಳದೆ, ಕಾಫಿ ಕುಡಿಯುತ್ತಾ ವಿಚಾರಿಸದಿದ್ದರೆ ಯಾವ ಸಂಬಂಧ ತಾನೇ ಮುಂದುವರಿದೀತು?

“ಬಂಗಾರ ಕಣ್ರೀ ಆ ಹುಡ್ಗ,” ಅಂದರು ಹೋಟೆಲಿನವರು. “ಯಾರ್ಗೂ ಎದುರು ಮಾತಾಡಲ್ಲ,” ಅಂದರು ಪಕ್ಕದ ಟೇಬಲ್ಲಿನ ಅಜ್ಜ. (ಹೇಳಿದವರು ಅದಲುಬದಲಾಗಿರಲೂಬಹುದು. ತೀರಾ ಅಚ್ಚುಕಟ್ಟಾಗಿ ಬರುವ ನೆನಪನ್ನು ನಾನು ನಂಬುವುದಿಲ್ಲ.)

ವಾಪಸ್ ಬಸ್ಸಿನಲ್ಲಿ ಭಾವನ ಮುಖ ಸಪ್ಪಗಿತ್ತು. “ಒಬ್ನಾದ್ರೂ ಒಂದು ಕೊಂಕು ತೆಗೀಬೇಕಿತ್ತು ಕಣಯ್ಯ. ಏನೋ ಮುಚ್ಚಿಡ್ತಾವ್ರೆ. ಬೇಡ ಬಿಡು ಈ ಸಂಬಂಧ.”

ಸುದ್ದಿ ಕೇಳಿ ಶ್ರುತಿ ಅಳಲಿಲ್ಲ. ನನಗೊಂದು ಜರ್ಮನ್ ಪದ ಹೇಳಿದಳು. (ಫೋನಿನಲ್ಲಿ ಜರ್ಮನ್ ಕಲಿಯುತ್ತಾಳೆ. ಯಾಕೆ ಅಂದರೆ, “ಸುಮ್ನೆ ಮಾವ.”) ಮಿಸ್‌ಟ್ರೌಯಿಶ್. ನಂಬಿಕೆಯಿಲ್ಲದ, ಅನುಮಾನಿಸುವ ಎಂದು ಅರ್ಥ. ವಿಶೇಷಣ. ನಾಮಪದದ ಮುಂದೆ ಬಂದರೆ ಬಾಲ ಬೆಳೆಯುತ್ತದಂತೆ: ‘ಐನ್ ಮಿಸ್‌ಟ್ರೌಯಿಶರ್ ಫಾಟರ್’. ಅನುಮಾನದ ಅಪ್ಪ! ಅಮ್ಮನಾದರೆ ಬಾಲ ಬೇರೆ.

ನನಗೆ ಕುತೂಹಲ ಹುಟ್ಟಿತು. ಕನ್ನಡದಲ್ಲಿ ಅನುಮಾನ ನಮಗೆ ಬರುತ್ತದೆ, ಕರೆಯದ ನೆಂಟನ ಹಾಗೆ. ತಪ್ಪು ನಮ್ಮದಲ್ಲ. ಜರ್ಮನ್ನಿನಲ್ಲಿ ಮನುಷ್ಯನೇ ಮಿಸ್‌ಟ್ರೌಯಿಶ್, ಕುಳ್ಳ ಅನ್ನುವ ಹಾಗೆ. ಯಾರನ್ನು ನಂಬುವುದಿಲ್ಲವೋ ಅವರಿಗೆ ಚತುರ್ಥಿ ವಿಭಕ್ತಿ, ಜೊತೆಗೆ ‘ಎದುರಿಗೆ’ ಎಂಬರ್ಥದ ಇನ್ನೊಂದು ಪದ.

“ನೀವೂ ಅಂಗಡೀಗೆ ಹೋಗಿ, ಎದುರಿಗೆ ನಿಂತು ಅವ್ರನ್ನೇ ಕೇಳ್ಬೋದಿತ್ತಲ್ಲ ಮಾವ?”

ಅವಳು ಅಪ್ಪನ ಹತ್ತಿರ ಹೋಗಿ, “ಇನ್ನೊಂದ್ಸಲ ವಿಚಾರ್ಸಪ್ಪ, ಆಮೇಲೆ ಬೇಡ ಅನ್ನು,” ಅಂದಳು.

ಮರುವಾರ ಭಾವ ಒಬ್ಬರೇ ಹೋಗಿಬಂದರು. ಮುಖ ಅರಳಿತ್ತು. “ಮುಂಗೋಪವಂತೆ ಕಣಯ್ಯ! ಹೋಟ್ಲೋನೇ ಕಿವೀಲಿ ಹೇಳ್ದ. ಈಗ ನಂಬ್ಕೆ ಬಂತು ನೋಡು. ಮಾತುಕತೆಗೆ ದಿನ ಇಡಾಣ.”

ಶ್ರುತಿ ನನ್ನ ಕಣ್ಣು ತಪ್ಪಿಸಿದಳು. ಹಿತ್ತಿಲಿಗೆ ಕರೆದು ಕೇಳಿದೆ.

“ನಾನೇ ಅವ್ರಿಗೆ ಫೋನ್ ಮಾಡಿದ್ದೆ ಮಾವ. ‘ಹೋಟ್ಲಲ್ಲಿ ನಿಮ್ಮ ಬಗ್ಗೆ ಒಂಚೂರು ಕೆಟ್ಟದಾಗಿ ಹೇಳ್ಸಿ’ ಅಂತ.”

“ಅವನೇನಂದ?”

“‘ಎಷ್ಟು ಕೆಟ್ಟದಾಗಿ?’ ಅಂದ್ರು.”

ಕೇಳಿದ ಕೂಡಲೇ ಇಷ್ಟು ಸಲೀಸಾಗಿ ಸುಳ್ಳು ಹೇಳಿಸಬಲ್ಲ ಹುಡುಗನನ್ನು ನಂಬಬಹುದೇ?