ನೂರು ತಾಸು ಪಳಗಿದ ಸ್ಪೀಕರು

ಯಾರಾದರೂ ಖಡಕ್ಕಾಗಿ ಒಂದು ಮಾತು ಹೇಳಿದರೆ ನಂಬಿಬಿಡುವ ಚಟ ನನ್ನದು. ಘಟಪ್ರಭಾದಲ್ಲಿ ಎರಡು ಸ್ಪೀಕರು ಕೊಂಡಾಗ ಅಂಗಡಿಯವನು, "ನೂರು ತಾಸು ಸಣ್ಣಗ ಹಚ್ಚಿಡ್ರಿ ಸರ್, ಆಮ್ಯಾಲೆ ಕೇಳ್ರಿ ಅದರ ಖರೆ ದನಿ," ಎಂದ. ನಂಬಿದೆ. ಹೊಸ ಚಪ್ಪಲಿ, ಹೊಸ ಹೋರಿ, ಹೊಸ ಅಳಿಯ, ಯಾವುದು ತಾನೇ ಪಳಗದೆ ದಾರಿಗೆ ಬಂದಿದೆ?

ಗೋಕಾಕದ ನಮ್ಮ ಮನೆಯಲ್ಲಿ ನಾನು ಹಲ್ಲುಜ್ಜುವ ಮೊದಲೇ ಹಾಡು ಶುರುವಾಗತೊಡಗಿತು. ನಾನು ಬ್ಯಾಂಕಿಗೆ ಹೋದ ಮೇಲೆ ಆ ಡ್ಯೂಟಿ ಹೆಂಡತಿ ಸುನಂದಾಳದು. "ಹಂಚ ಪಳಗಸೂದು ಗೊತ್ತಿತ್ರಿ. ಡಬ್ಬಿ ಪಳಗಸೂದು ಇದ ಮೊದಲು ನೋಡಾಕತ್ತೇನಿ," ಎಂದಳು ಅವಳು, ರೊಟ್ಟಿ ಬಡಿಯುತ್ತ. ರೊಟ್ಟಿಯ ಸಪ್ಪಳವೇ ಹಾಡಿಗಿಂತ ಜೋರಾಗಿತ್ತು.

ಇಷ್ಟು ಹಟಕ್ಕೆ ಕಾರಣ ನನ್ನ ಮಾವ. ಕುಲಗೋಡದ ಭಜನಾ ಮೇಳದಲ್ಲಿ ನಲವತ್ತು ವರ್ಷ ತಬಲಾ ನುಡಿಸಿದವರು. ನಮ್ಮ ಹಳೆಯ ಸೆಟ್ಟಿನಲ್ಲಿ ಒಂದು ಭಜನೆಯ ಪದ ಕೇಳಿ, "ಅಳಿಯಾರ, ಡಗ್ಗಾ ಬಾರಸಾಂವ ರಜಾ ಹಾಕ್ಯಾನೇನ್ರಿ?" ಎಂದಿದ್ದರು. ಡಗ್ಗಾ ಎಂದರೆ ತಬಲಾ ಜೋಡಿಯಲ್ಲಿ ಎಡಗೈಯದು, ಗುಮ್ಮೆನ್ನುವಂಥದು. ಆ ಮಾತು ನನ್ನನ್ನು ಕುಟುಕುತ್ತಲೇ ಇತ್ತು. ಅವರ ಕಿವಿಗೆ ಡಗ್ಗಾ ಕೇಳಿಸಿಯೇ ತೀರಬೇಕೆಂದು ಈ ಸ್ಪೀಕರು ತಂದದ್ದು.

ಕಬ್ಬಿನ ಟ್ರ್ಯಾಕ್ಟರುಗಳು ಎಬ್ಬಿಸುವ ಧೂಳಿಗೆ ಹೆದರಿ ನಮ್ಮಲ್ಲಿ ಟೀವಿ, ಮಿಕ್ಸರು ಎಲ್ಲಕ್ಕೂ ಅಂಗಿ ತೊಡಿಸುತ್ತೇವೆ. ಸ್ಪೀಕರಿಗೂ ಹತ್ತಿ ತುಂಬಿದ ದಪ್ಪ ಗವಸಣಿಗೆ ಹೊಲಿಸಿದ್ದೆ. ದನಿ ಮಂಕು ಅನ್ನಿಸಿದಾಗಲೆಲ್ಲ, ಇನ್ನೂ ಪಳಗಬೇಕು ಎಂದು ಸಮಾಧಾನ ಮಾಡಿಕೊಂಡೆ.

ನೂರು ತಾಸು ತುಂಬಿದ ಭಾನುವಾರ ಮಾವ ಬಂದರು. ಹಚ್ಚಿದೆ. ಡಗ್ಗಾ ಬರಲಿಲ್ಲ. ಮಾವ ಚಹಾ ಕುಡಿದು ಮುಗಿಸಿದರು. ಆಮೇಲೆ ಎದ್ದು ಹೋಗಿ ಸ್ಪೀಕರನ್ನು ಮುಟ್ಟಿ ನೋಡಿ, "ಗವಸಣಿಗಿ ತಗೀಲಾರದ ತಬಲಾ ಯಾರ ಬಾರಸ್ತಾರ್ರಿ ಅಳಿಯಾರ?" ಎನ್ನುತ್ತ ಎರಡೂ ಅಂಗಿ ಕಳಚಿದರು.

ಡಗ್ಗಾ ಗುಮ್ಮೆಂದು ಪಡಸಾಲೆ ತುಂಬಿತು. ಸುನಂದಾ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು. ಮಾವ ಕಣ್ಣು ಮುಚ್ಚಿ ಕೂತರು. ಅವರ ಎಡಗೈ ತಾನಾಗಿ ತೊಡೆಯ ಮೇಲೆ ಆಡತೊಡಗಿತು. ನನಗಾದ ಖುಷಿ ಅಷ್ಟಿಷ್ಟಲ್ಲ. ಪಳಗಿದ್ದು ಸ್ಪೀಕರೋ, ದಪ್ಪ ಬಟ್ಟೆಯಾಚೆಗಿನ ಹಾಡಿಗೆ ನೂರು ತಾಸು ಕಿವಿಗೊಟ್ಟ ನಾನೋ, ಆ ವಿಚಾರಣೆ ಈಗೇಕೆ? ಗೆದ್ದವನು ಕಾರಣ ಹುಡುಕುತ್ತ ಕೂರಬಾರದು.

"ಮಾವಾರ, ಕುಲಗೋಡ ಬಸ್ಸಿನ ಹೊತ್ತಾತ್ರಿ," ಎಂದು ನಾನೇ ನೆನಪಿಸಿದೆ.

"ಹೋಗ್ಲಿ ಬಿಡ್ರಿ," ಎಂದರು ಮಾವ, ಕಣ್ಣು ತೆರೆಯದೆ. "ಇನ್ನೊಮ್ಮಿ ಹಚ್ರಿ."