ಮೂರು ಸಲ ಕೂಗಿದ ಹೆಸರು

೧೯೫೭ರ ಜೂನ್‌ನಲ್ಲಿ ನಾನು ಗಣಿತದ ಅಧ್ಯಾಪಕನಾಗಿ ಕೆಲಸಕ್ಕೆ ಸೇರಿದೆ. ಮಾಗಡಿ ರಸ್ತೆಯ ಅಂಚಿನಲ್ಲಿ ಆಗಷ್ಟೇ ಶುರುವಾಗಿದ್ದ ಒಂದು ಕಾಲೇಜು ಅದು. ನನಗೆ ಇಪ್ಪತ್ತನಾಲ್ಕು ವರ್ಷ, ಊರು ಚಳ್ಳಕೆರೆಯ ಕಡೆ. ಬೆಂಗಳೂರಿನಲ್ಲಿ ನನ್ನವರು ಅನ್ನುವವರು ಒಬ್ಬರೂ ಇರಲಿಲ್ಲ. ರಾಜಾಜಿನಗರದಲ್ಲಿ ಒಂದು ಕೋಣೆ ಹಿಡಿದಿದ್ದೆ. ಅಕ್ಕಪಕ್ಕದಲ್ಲಿ ಬರೀ ತಳಪಾಯಗಳು, ಇಟ್ಟಿಗೆಯ ರಾಶಿಗಳು. ಮನೆಗಳು ಇನ್ನೂ ಏಳಬೇಕಿತ್ತು. ಭಾನುವಾರ ಬಂತೆಂದರೆ ಬಾಯಿಂದ ಒಂದು ಮಾತೂ ಹೊರಡದೆ ದಿನ ಮುಗಿಯುತ್ತಿತ್ತು. ಸೋಮವಾರ ಕ್ಲಾಸಿನಲ್ಲಿ ಬಾಯಿ ತೆರೆದರೆ ಗಂಟಲು ಕಟ್ಟಿರುತ್ತಿತ್ತು. ಈಗ ನೆನೆದರೆ ನಗು ಬರುತ್ತದೆ, ಆಗ ಬರುತ್ತಿರಲಿಲ್ಲ.

ಕಾಲೇಜಿನಲ್ಲಿ ನೂರಾ ಎಂಬತ್ತು ಮಂದಿ ವಿದ್ಯಾರ್ಥಿಗಳು. ಅವರಲ್ಲಿ ಹುಡುಗಿ ಒಬ್ಬಳೇ: ಎಚ್. ಜಯಮ್ಮ. ಅದೇ ರಸ್ತೆಯಲ್ಲಿ ಮೂರು ಮೈಲಿ ಆಚೆಯ ಹಳ್ಳಿಯ ರೈತ ಹೊನ್ನಪ್ಪನವರ ಮಗಳು. ವರಾಂಡದ ತುದಿಯಲ್ಲಿದ್ದ ಒಂದು ಪುಟ್ಟ ಕೋಣೆಗೆ ‘ಲೇಡೀಸ್ ರೂಮ್’ ಎಂದು ಬೋರ್ಡು ಹಾಕಿ ಅವಳಿಗೆ ಬಿಟ್ಟುಕೊಟ್ಟಿದ್ದರು. ಒಂದು ಬೆಂಚು, ಒಂದು ಹೂಜಿ, ರಸ್ತೆಗೆ ಬೆನ್ನು ಮಾಡಿದ ಒಂದು ಕಿಟಕಿ, ಇಷ್ಟೇ ಅದರ ಆಸ್ತಿ.

ಆಗ ಹಲವು ಕಾಲೇಜುಗಳಲ್ಲಿ ಒಂದು ಪದ್ಧತಿಯಿತ್ತು. ಹುಡುಗಿಯರು ತಾವಾಗಿಯೇ ಕ್ಲಾಸಿಗೆ ಬರುವಂತಿರಲಿಲ್ಲ. ಅಧ್ಯಾಪಕರು ಲೇಡೀಸ್ ರೂಮಿನ ಮುಂದೆ ಹಾದುಹೋಗಬೇಕು, ಅವರ ಹಿಂದೆ ಹುಡುಗಿಯರು ನಡೆದು ಬಂದು ಮುಂದಿನ ಬೆಂಚಿನಲ್ಲಿ ಕೂರಬೇಕು. ಪಾಠ ಮುಗಿದ ಮೇಲೆ ಅವರ ಹಿಂದೆಯೇ ಹೊರಡಬೇಕು. ಇದರಲ್ಲಿ ವಿಚಿತ್ರವೇನೂ ಯಾರಿಗೂ ಕಾಣುತ್ತಿರಲಿಲ್ಲ. ನನಗಂತೂ ನಿಯಮವೆಂದರೆ ಪ್ರಾಣ.

ಜುಲೈನಲ್ಲಿ ಒಂದು ದಿನ ನಾನು ಕ್ಲಾಸಿಗೆ ಕಾಲಿಡುವ ಹೊತ್ತಿಗೆ ಜಯಮ್ಮ ಆಗಲೇ ಬಂದು ಕೂತಿದ್ದಳು. ನಾನು ಎರಡು ನಿಮಿಷ ತಡಮಾಡಿದ್ದೆ, ಪಾಠ ಶುರುವಾಗಿದೆಯೆಂದು ಗಾಬರಿಯಿಂದ ಬಂದಿದ್ದಳು. ಹಿಂದಿನ ಬೆಂಚಿನ ಹುಡುಗರು ಅವಳನ್ನು ರೇಗಿಸಲು ಕಾಲಿನಿಂದ ನೆಲ ಉಜ್ಜುತ್ತಿದ್ದರು. ನಾನು ಅವರನ್ನು ಗದರಿಸಬೇಕಿತ್ತು. ಬದಲಿಗೆ ಅವಳ ಕಡೆ ತಿರುಗಿ, “ಯಾರಾದರೂ ಬಂದು ಕರೆದ ಮೇಲೇ ಬರಬೇಕಮ್ಮಾ. ಇದನ್ನ ಇನ್ನೊಂದು ಸಲ ಹೇಳಿಸ್ಕೋಬೇಡಿ” ಅಂದೆ. ಅವಳು ಎದ್ದು ನಿಂತು, “ಇಲ್ಲ ಸಾರ್” ಅಂದಳು. ಶಿಸ್ತು ಕಾಪಾಡಿದೆನೆಂದು ನನಗೆ ಒಳಗೊಳಗೇ ಖುಷಿಯಾಗಿತ್ತು.

ಜನವರಿಯಲ್ಲಿ ಯೂನಿಯನ್ ವಾರ ಬಂತು. ಒಂದು ವಾರ ಪಾಠವಿಲ್ಲ. ಸೋಮವಾರ ಆಟೋಟ, ಮಂಗಳವಾರ ಸಂಗೀತ, ಬುಧವಾರ ವೇಷ ಸ್ಪರ್ಧೆ, ಗುರುವಾರ ವಿಜ್ಞಾನದ ಪ್ರದರ್ಶನ, ಶುಕ್ರವಾರ ಚರ್ಚಾಸ್ಪರ್ಧೆ, ಶನಿವಾರ ನಾಟಕ ಮತ್ತು ಬಹುಮಾನ. ಆದರೂ ಎಲ್ಲರೂ ದಿನವೂ ಕಾಲೇಜಿಗೆ ಬರಲೇಬೇಕೆಂದು ಪ್ರಿನ್ಸಿಪಾಲರ ನೋಟೀಸು. ಗೇಟಿನ ಹತ್ತಿರದ ಹುಣಸೆಮರಕ್ಕೆ ಮೈಕಿನ ಹಾರನ್ ಕಟ್ಟಿದ್ದರು. ಹುಡುಗರು ಮೊದಲ ಬಾರಿಗೆ ನನ್ನನ್ನು ಮಾತಾಡಿಸುತ್ತಿದ್ದರು, ತಮ್ಮ ಜೊತೆ ಕೂರಿಸಿಕೊಂಡು ಬೋಂಡ ತಿನ್ನಿಸಿದರು. ಆ ಸಂಭ್ರಮದಲ್ಲಿ ನಾನು ಯಾರನ್ನೂ ನೆನೆಸಿಕೊಳ್ಳಲಿಲ್ಲ, ನಿಜ ಹೇಳಬೇಕು.

ಚರ್ಚಾಸ್ಪರ್ಧೆಯ ಹೊಣೆ ನನ್ನದಾಗಿತ್ತು. ವಿಷಯ: ‘ಪಟ್ಟಣದ ಬಾಳಿಗಿಂತ ಹಳ್ಳಿಯ ಬಾಳೇ ಲೇಸು’. ಹಿಂದಿನ ವಾರವೇ ಜಯಮ್ಮ ಒಂದು ಚೀಟಿ ತಂದುಕೊಟ್ಟಿದ್ದಳು. ವಿರೋಧ ಪಕ್ಷದಲ್ಲಿ ಅವಳ ಹೆಸರು, ಏಳನೆಯ ಸರದಿ. “ನಮ್ಮಪ್ಪ ಕೇಳೋಕೆ ಬರ್ತಾರೆ ಸಾರ್,” ಅಂದಳು. “ಮಾತಾಡೋದನ್ನ ನೋಡಿ, ಮುಂದಕ್ಕೆ ಓದಿಸ್ಬೇಕೋ ಬೇಡ್ವೋ ಹೇಳ್ತೀನಿ ಅಂದಿದಾರೆ.” ವರ್ಷವೆಲ್ಲ ಅವಳು ನನ್ನೊಡನೆ ಅಷ್ಟು ಉದ್ದ ಮಾತಾಡಿದ್ದು ಅದೊಂದೇ ಸಲ.

ಶುಕ್ರವಾರ ಮಧ್ಯಾಹ್ನ ಮೂರಕ್ಕೆ ಸಭೆ ಶುರುವಾಯಿತು. ನನ್ನ ಕೈಯಲ್ಲಿ ಸ್ಟಾಪ್‌ವಾಚು, ಮೇಜಿನ ಮೇಲೆ ಗಂಟೆ. ತಲಾ ಐದು ನಿಮಿಷ. ನಾಲ್ಕನೆಯ ನಿಮಿಷಕ್ಕೆ ಗಂಟೆ ಒಂದು ಸಲ, ಐದನೆಯದಕ್ಕೆ ಎರಡು ಸಲ. ಹೆಂಗಸರಿಗೆಂದು ಮುಂದೆ ಹಾಕಿದ್ದ ಕುರ್ಚಿಗಳಲ್ಲಿ ಅಧ್ಯಾಪಕರ ಮನೆಯವರು ಕೂತಿದ್ದರು. ಜಯಮ್ಮನೂ ಅವರ ಹಿಂದೆ ಎಲ್ಲೋ ಇರಬೇಕು ಅಂದುಕೊಂಡೆ. ಕೊನೆಯ ಸಾಲಿನಲ್ಲಿ, ರುಮಾಲು ಸುತ್ತಿ ಹೆಗಲ ಮೇಲೆ ಮಡಿಸಿದ ಟವೆಲು ಹಾಕಿಕೊಂಡು ಒಬ್ಬರು ನೆಟ್ಟಗೆ ಕೂತಿದ್ದರು. ಹೊನ್ನಪ್ಪನವರೇ ಇರಬೇಕು ಅನ್ನಿಸಿತು.

ಏಳನೆಯ ಸರದಿ ಬಂತು. ಮೈಕಿನಲ್ಲಿ, “ಎಚ್. ಜಯಮ್ಮ” ಎಂದು ಕೂಗಿದೆ. ಯಾರೂ ಏಳಲಿಲ್ಲ. ಎರಡನೆಯ ಸಲ ಕೂಗಿದೆ. ಹುಡುಗರ ಗುಂಪಿನಿಂದ ಯಾರೋ ಹೆಣ್ಣುದನಿ ಮಾಡಿ, “ಬಂದೆ ಸಾರ್” ಅಂದರು. ಸಭೆ ಗೊಳ್ಳೆಂದು ನಕ್ಕಿತು. ಮೂರು ಸಲ ಕೂಗಿಯೂ ಬರದಿದ್ದರೆ ಹೆಸರು ಹೊಡೆದುಹಾಕಬೇಕೆಂದು ನಿಯಮ. ಮೂರನೆಯ ಸಲವೂ ಕೂಗಿದೆ. ಕೆಂಪು ಪೆನ್ಸಿಲಿನಿಂದ ಗೀಟು ಎಳೆದು ಎಂಟನೆಯವನನ್ನು ಕರೆದೆ. ತಲೆಯೆತ್ತಿ ನೋಡಿದಾಗ ಕೊನೆಯ ಸಾಲಿನ ಕುರ್ಚಿ ಖಾಲಿಯಾಗಿತ್ತು.

ಸಭೆ ಮುಗಿದಾಗ ಐದು ದಾಟಿತ್ತು. ಗಂಟೆಯನ್ನೂ ಪಟ್ಟಿಯನ್ನೂ ಆಫೀಸಿಗೆ ಕೊಡಲು ವರಾಂಡದಲ್ಲಿ ನಡೆದೆ. ಲೇಡೀಸ್ ರೂಮಿನ ಬಾಗಿಲಲ್ಲಿ ಜಯಮ್ಮ ನಿಂತಿದ್ದಳು. ಇಸ್ತ್ರಿ ಮಾಡಿದ ಸೀರೆ, ಮುಡಿಯಲ್ಲಿ ಕನಕಾಂಬರ, ಕೈಯಲ್ಲಿ ಮಡಿಸಿದ ಹಾಳೆ. ನನ್ನನ್ನು ಕಂಡದ್ದೇ ಮುಖ ಅರಳಿತು.

“ಈಗ ಬರ್ಲಾ ಸಾರ್?” ಅಂದಳು.

ಮುಗಿಯಿತು ಎಂದು ಹೇಗೋ ಹೇಳಿದೆ. ಹೆಸರು ಕೇಳಿಸಲಿಲ್ಲವೇ ಎಂದೆ.

“ಕೇಳಿಸ್ತು ಸಾರ್. ಮೂರು ಸಲಾನೂ ಕೇಳಿಸ್ತು. ಯಾರಾದ್ರೂ ಬಂದು ಕರೀತಾರೆ ಅಂತ ಇಲ್ಲೇ ನಿಂತಿದ್ದೆ.”

ಸೋಮವಾರದಿಂದಲೂ ಅವಳು ಆ ಕೋಣೆಯಲ್ಲೇ ಕೂತಿದ್ದಳೆಂದು ಆಗ ತಿಳಿಯಿತು. ಪಾಠವಿಲ್ಲ, ಹಾಗಾಗಿ ಯಾವ ಅಧ್ಯಾಪಕರೂ ಆ ದಾರಿಯಲ್ಲಿ ಹಾದಿರಲಿಲ್ಲ. ಹಗ್ಗಜಗ್ಗಾಟದ ಕೂಗು, ಹಾಡು, ಚಪ್ಪಾಳೆ ಎಲ್ಲವೂ ಕಿವಿಗೆ ಬಿದ್ದಿದ್ದವು, ಕಣ್ಣಿಗೆ ಒಂದೂ ಬಿದ್ದಿರಲಿಲ್ಲ. ಐದು ದಿನ ಬುತ್ತಿ ಬಿಚ್ಚಿ ಒಬ್ಬಳೇ ಉಂಡು, ಸಂಜೆ ಮನೆಗೆ ನಡೆದಿದ್ದಳು. ಆಮೇಲೆ ಒಂದು ದಿನ ಎಣಿಸಿ ನೋಡಿದೆ: ಸಭಾಂಗಣದಿಂದ ಆ ಕೋಣೆಗೆ ಮೂವತ್ತೆರಡು ಹೆಜ್ಜೆ.

ಶನಿವಾರ ಅವಳು ಬರಲಿಲ್ಲ. ನಾಟಕ ನಡೆಯಿತು, ಚರ್ಚೆಯ ಬಹುಮಾನದ ಕಪ್ಪು ಯಾರಿಗೋ ಹೋಯಿತು. ನನಗೆ ಒಂದೂ ಬೇಕಿರಲಿಲ್ಲ. ಭಾನುವಾರ ಬೆಳಿಗ್ಗೆ ಸೈಕಲ್ ಹತ್ತಿ ಅವಳ ಹಳ್ಳಿಗೆ ಹೋದೆ. ಹೊನ್ನಪ್ಪನವರು ಜಗುಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದರು. ಪಕ್ಕದಲ್ಲೇ ಚಾಪೆ ಹಾಸಿ ಕೂರಿಸಿದರು, ಮುಖ ಮಾತ್ರ ಬಿಗಿಯಾಗಿತ್ತು.

“ಮೈಕಿನಾಗೆ ಮಗಳ ಹೆಸರು ಕೇಳ್ತಿದ್ದಂಗೇ ಎದೆ ಉಬ್ತು ಮೇಷ್ಟ್ರೇ. ನಮ್ಮುಡುಗೀನೇ ಅಂತ ಪಕ್ಕದೋರಿಗೂ ಹೇಳ್ದೆ. ಎರಡನೇ ಸಲಕ್ಕೆ ತಲೆ ತಗ್ಗಿಸ್ದೆ. ಮೂರನೇದಕ್ಕೆ ಎದ್ದು ಬಂದ್ಬಿಟ್ಟೆ. ಹೆದರ್ಕೊಂಡು ಓಡೋಳಿಗೆ ಕಾಲೇಜ್ ಯಾಕೆ? ಸಾಕು ಅಂದ್ಬಿಟ್ಟಿದೀನಿ.”

ಜಯಮ್ಮ ಅಪ್ಪನಿಗೆ ಏನನ್ನೂ ಹೇಳಿರಲಿಲ್ಲ. ಹೇಳಿದರೆ ಮೇಷ್ಟರ ಮೇಲೆ ದೂರು ಹೇಳಿದಂತಾಗುತ್ತದೆಂದು ಸುಮ್ಮನಿದ್ದಳು. ನಾನೇ ಎಲ್ಲವನ್ನೂ ಹೇಳಿದೆ. ಜುಲೈನಲ್ಲಿ ಗದರಿಸಿದ್ದನ್ನೂ ಬಿಡಲಿಲ್ಲ. ತಪ್ಪು ನನ್ನದು, ಅವಳದಲ್ಲ ಅಂದೆ. ಹೊನ್ನಪ್ಪನವರು ಅವರೆಕಾಯಿ ಬದಿಗಿಟ್ಟು ನನ್ನ ಮುಖವನ್ನೇ ನೋಡಿದರು.

“ಅಷ್ಟು ಜನದಾಗೆ, ಆ ಮಗು ಎಲ್ಲೈತೆ ಅಂತ ನೋಡೋಕೆ ಒಬ್ಬರಿಗೂ ತೋಚಲಿಲ್ವಾ?”

ಅವರು ಒಳಗೆ ಕೂಗಿ, “ಏನಮ್ಮಾ ಜಯಾ, ಏನು ಮಾತಾಡ್ಬೇಕು ಅಂತಿದ್ದೆ?” ಎಂದರು. ಬಾಗಿಲ ಹಿಂದಿನಿಂದ ದನಿ ಬಂತು: “ಹಳ್ಳಿಗಿಂತ ಪಟ್ಟಣಾನೇ ವಾಸಿ ಅಂತ.”

“ಇದನ್ನ ಕೇಳೋಕಾ ನಾನು ಕೆಲಸ ಬಿಟ್ಟು ಬಂದಿದ್ದು!” ಎಂದು ಹೊನ್ನಪ್ಪನವರು ನಕ್ಕರು. ಆಮೇಲೆ ನಗು ನಿಲ್ಲಿಸಿ, “ನಾಳೆಯಿಂದಾನೂ ಯಾರಾದ್ರೂ ಬಂದು ಕರೆಯೋಗಂಟ ಕೂತಿರ್ಬೇಕಾ?” ಎಂದು ಕೇಳಿದರು. ಬೇಕಿಲ್ಲ, ತಾನೇ ನಡೆದು ಬರಲಿ ಅಂದೆ. ಆ ಮಾತು ಕೊಡುವ ಅಧಿಕಾರ ನನಗಿರಲಿಲ್ಲ.

ಸೋಮವಾರ ಪ್ರಿನ್ಸಿಪಾಲರ ಮುಂದೆ ನಿಂತು ನಡೆದದ್ದನ್ನು ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, “ಏನಾದರೂ ಹೆಚ್ಚುಕಮ್ಮಿಯಾದರೆ ನಿಮ್ಮ ತಲೆಗೇ” ಎಂದಷ್ಟೇ ಅಂದರು. ಲೇಡೀಸ್ ರೂಮಿನ ದಾರಿ ಬಿಟ್ಟು ಇನ್ನೊಂದು ಮೆಟ್ಟಿಲಿನಿಂದ ಕ್ಲಾಸಿಗೆ ಹೋದೆ. ಮುಂದಿನ ಬೆಂಚು ಖಾಲಿ. ಹಾಜರಿ ಪುಸ್ತಕ ತೆರೆದು ಸುಮ್ಮನೆ ನಿಂತೆ. ಒಂದು ನಿಮಿಷವಾಯಿತು, ಎರಡಾಯಿತು. ಹುಡುಗರು ಮುಖ ಮುಖ ನೋಡಿಕೊಂಡರು. ಮೂರನೆಯ ನಿಮಿಷದಲ್ಲಿ ವರಾಂಡದಲ್ಲಿ ಚಪ್ಪಲಿಯ ಸದ್ದಾಯಿತು. ಜಯಮ್ಮ ಒಬ್ಬಳೇ ಬಂದು ಬಾಗಿಲಲ್ಲಿ ನಿಂತು, ಯಾರನ್ನೂ ನೋಡದೆ ತನ್ನ ಜಾಗಕ್ಕೆ ಹೋಗಿ ಕೂತಳು. ಹಿಂದೆ ಯಾರೋ ಕಾಲು ಉಜ್ಜಿದರು. ಈ ಸಲ ನಾನು ಯಾರನ್ನು ಗದರಿಸಬೇಕೋ ಅವರನ್ನೇ ಗದರಿಸಿದೆ.

ಹಾಜರಿಗೆ ನಂಬರು ಕೂಗುವುದು ವಾಡಿಕೆ. ಅವತ್ತು ಅವಳ ನಂಬರು ಬಂದಾಗ ಹೆಸರನ್ನೇ ಕೂಗಿದೆ. “ಪ್ರೆಸೆಂಟ್ ಸಾರ್” ಅಂದಳು, ಕೊನೆಯ ಬೆಂಚಿಗೂ ಕೇಳುವಷ್ಟು ಗಟ್ಟಿಯಾಗಿ.

ಓದು ಮುಗಿಸಿ ಅವಳು ಹೋದಳು. ಅಷ್ಟು ವರ್ಷವೂ ಆ ಬೆಂಚಿನಲ್ಲಿ ಒಬ್ಬಳೇ ಕೂತಳು, ಮತ್ತೆಂದೂ ಯಾವ ಸ್ಪರ್ಧೆಗೂ ಹೆಸರು ಕೊಡಲಿಲ್ಲ. ಕೊಡು ಎಂದು ಹೇಳುವ ಮುಖ ನನಗೂ ಇರಲಿಲ್ಲ.

ಮೂವತ್ತನಾಲ್ಕು ವರ್ಷ ಹಾಜರಿ ತೆಗೆದುಕೊಂಡೆ. ಕರೆದ ಮಾತ್ರಕ್ಕೆ ಎಲ್ಲರೂ ಬರಲಾರರು, ಕೆಲವರ ಹತ್ತಿರ ನಾವೇ ಹೋಗಬೇಕು ಎಂದು ಆ ವಾರ ಕಲಿತದ್ದನ್ನು ಮರೆಯಲಿಲ್ಲ. ಉತ್ತರ ಬರದಿದ್ದರೆ ಗೈರು ಎಂದು ಬರೆಯುವ ಮೊದಲು ಎದ್ದು ಹೋಗಿ ಬಾಗಿಲಾಚೆ ಒಮ್ಮೆ ನೋಡಿ ಬರುತ್ತಿದ್ದೆ. ಹುಡುಗರು ನಗುತ್ತಿದ್ದರು. ಹೆಚ್ಚಿನ ಸಲ ಹೊರಗೆ ಯಾರೂ ಇರುತ್ತಿರಲಿಲ್ಲ.